ಬಿಸಿಲುನಾಡಿನ ಮನೆಯೊಳಗೆ ಯಾವ ಗಿಡ?

ಉಷ್ಣವಲಯದ ಗಿಡ ಎಂದ ಮಾತ್ರಕ್ಕೆ ಅದು ರಾಯಚೂರಿನ ಬೇಸಿಗೆಯನ್ನು ತಾಳುತ್ತದೆ ಎಂದು ಭಾವಿಸಬಾರದು. ಒಳಾಂಗಣಕ್ಕೆಂದು ಮಾರುವ ಗಿಡಗಳಲ್ಲಿ ಹೆಚ್ಚಿನವು ಮಳೆಕಾಡಿನ ಮರಗಳ ನೆರಳಲ್ಲಿ, ತೇವ ತುಂಬಿದ ಗಾಳಿಯಲ್ಲಿ ಬೆಳೆದು ಬಂದವು. ನಮ್ಮಲ್ಲಿ ಕಾವಿಗೇನೂ ಕೊರತೆಯಿಲ್ಲ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಹೊತ್ತಿಗೆ ಗಾಳಿ ಒಣಗಿ ಹೋಗಿರುತ್ತದೆ. ಆದ್ದರಿಂದ ನರ್ಸರಿಗೆ ಹೋಗುವ ಮೊದಲು ಮನೆಯ ಬೆಳಕು, ಗಾಳಿ, ನೀರು ಮೂರನ್ನೂ ನೋಡಿಕೊಳ್ಳಬೇಕು.

ಗಿಡ ಇಡುವ ಜಾಗದಲ್ಲಿ ಮಧ್ಯಾಹ್ನ ಬಿಳಿ ಹಾಳೆಯ ಮೇಲೆ ಒಂದು ಅಡಿ ಎತ್ತರಕ್ಕೆ ಕೈ ಹಿಡಿದಾಗ ನೆರಳು ಮಸುಕಾಗಿಯಾದರೂ ಬಿದ್ದರೆ ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ ಬೆಳೆಯುತ್ತವೆ. ಬೆಳಕಿಂಡಿಯೊಂದೇ ಆಧಾರವಾದ ಹಳೆಯ ಮಾಳಿಗೆ ಮನೆಯ ಪಡಸಾಲೆಗೆ ಸ್ನೇಕ್ ಪ್ಲಾಂಟ್ ಅಥವಾ ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಝಡ್‌ಝಡ್ ಗಿಡವೇ ಸರಿ, ಆದರೆ ಅವು ಮಂದ ಬೆಳಕನ್ನು ಸಹಿಸುತ್ತವೆಯೇ ಹೊರತು ಬಯಸುವುದಿಲ್ಲ. ಪಡುವಣ ಕಿಟಕಿಯ ಕಟ್ಟೆಯ ಮೇಲೆ ಮಾತ್ರ ಬೇಸಿಗೆಯಲ್ಲಿ ಯಾವ ಕುಂಡವನ್ನೂ ಇಡಬಾರದು.

ತೇವದ ಗಾಳಿಯನ್ನೇ ಬೇಡುವ ಕ್ಯಾಲಥಿಯಾ ಮತ್ತು ಜರೀಗಿಡಗಳನ್ನು ಕೊಳ್ಳದಿರುವುದೇ ಲೇಸು. ಆಸೆ ತಡೆಯಲಾಗದವರು ಅವನ್ನು ಕೂಲರ್ ಓಡುವ ಕೋಣೆಯಲ್ಲಿ, ಅದರ ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿ ಇಡಬಹುದು. ಎಲೆಗೆ ನೀರು ಚಿಮುಕಿಸುವುದರ ಫಲ ಕೆಲವೇ ನಿಮಿಷದ್ದು. ಬೋರ್‌ವೆಲ್ ನೀರಾದರೆ ಎಲೆಯ ಮೇಲೆ ಬಿಳಿ ಕಲೆಗಳೂ ಉಳಿಯುತ್ತವೆ.

ನಿಜವಾದ ತೊಡಕು ಈ ನೀರಿನದೇ. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾಗಳ ಎಲೆತುದಿ ಕಂದಾಗಲು ಅದೂ ಒಂದು ಕಾರಣ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಫ್ಲೋರೈಡ್ ಹೋಗುವುದಿಲ್ಲ. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಂತೂ ಲವಣ ಇನ್ನಷ್ಟು ದಟ್ಟವಾಗಿರುವುದರಿಂದ ಅದನ್ನು ಕುಂಡಕ್ಕೆ ಹಾಕಬಾರದು. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಉತ್ತಮ. ಅದಿಲ್ಲದವರು ಕುಂಡದ ಅಂಚಿನಲ್ಲಿ ಬಿಳಿ ಪದರ ಕಂಡಾಗ, ಇದ್ದುದರಲ್ಲಿ ಸಪ್ಪೆಯಾದ ನೀರನ್ನು ತಳದ ತೂತಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು ಹಾಕಿ ಉಪ್ಪನ್ನು ತೊಳೆಯಬೇಕು.

ಹೊಲದ ಎರೆಮಣ್ಣನ್ನು ಕುಂಡಕ್ಕೆ ತುಂಬಬಾರದು: ಅದು ನೆನೆದಾಗ ಉಬ್ಬಿ ಬೇರಿಗೆ ಗಾಳಿ ತಪ್ಪಿಸುತ್ತದೆ, ಒಣಗಿದಾಗ ಬಿರಿದು ಬೇರನ್ನೇ ಹರಿಯುತ್ತದೆ. ಕೆಂಪು ಮಣ್ಣು ಮತ್ತು ಗೊಬ್ಬರಕ್ಕೆ ಅರೆಸುಟ್ಟು ಕಪ್ಪಾದ ಭತ್ತದ ಹೊಟ್ಟನ್ನು ಬೆರೆಸಿದರೆ ಮಣ್ಣು ಸಡಿಲವಾಗಿರುತ್ತದೆ. ಸಿಂಧನೂರು, ಗಂಗಾವತಿಯ ಕಡೆ ಹೊಟ್ಟಿಗೆ ಬರವಿಲ್ಲ. ಪೂರ್ತಿ ಉರಿದ ಬೂದಿ ಮಾತ್ರ ಕ್ಷಾರವಾದ್ದರಿಂದ ಬೇಡ.

ಮನಿ ಪ್ಲಾಂಟ್, ಅಗ್ಲೋನಿಮಾ, ಝಡ್‌ಝಡ್‌ಗಳ ಎಲೆ ಅಗಿದರೆ ಬಾಯಿ ಉರಿಯುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಅವುಗಳನ್ನು ಕೈಗೆಟುಕದಂತೆ ಇಡಬೇಕು.