ಕಿವಿಗೆ ಚುಚ್ಚುವ ಎಲೆಕ್ಟ್ರಿಕ್ ಗಿಟಾರನ್ನು ಹದಕ್ಕೆ ತರುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಗಣಪತಿ ಪೆಂಡಾಲ್‌ಗಳ ಆರ್ಕೆಸ್ಟ್ರಾ ಹಂಗಾಮು ಹತ್ತಿರವಾದಂತೆ ನನ್ನ ಬಳಿಗೆ ಗಿಟಾರ್ ಹೊತ್ತು ಬರುವ ಹುಡುಗರ ದೂರು ಹೆಚ್ಚುಕಡಿಮೆ ಒಂದೇ: "ಸರ್, ಮನೇಲಿ ಚೆನ್ನಾಗೇ ಇರುತ್ತೆ, ಸ್ಟೇಜ್ ಹತ್ತಿದ್ರೆ ತಗಡು ಬಡಿದ ಹಾಗೆ ಕೇಳುತ್ತೆ." ಇದಕ್ಕೆ ಅವರೇ ಕಂಡುಕೊಂಡಿರುವ ಪರಿಹಾರವೂ ಒಂದೇ. ಆಂಪ್ಲಿಫೈಯರಿನ ಟ್ರೆಬಲ್, ಅಂದರೆ ತಾರ ಸ್ವರಗಳ ತಿರುಪನ್ನು ಸೊನ್ನೆಗೆ ಇಳಿಸಿಬಿಡುತ್ತಾರೆ. ಆಗ ನಾದವು ಕಂಬಳಿ ಹೊದ್ದು ಮಲಗಿದವರ ಮಾತಿನಂತೆ ಮಂಕಾಗುತ್ತದೆ, ಡ್ರಮ್ಸ್ ಶುರುವಾದ ಕೂಡಲೇ ಗಿಟಾರ್ ಇದ್ದೂ ಇಲ್ಲದಂತಾಗುತ್ತದೆ. ಚುಚ್ಚುವ ಗುಣ ಎಲ್ಲಿ ಹುಟ್ಟುತ್ತಿದೆಯೋ ಅಲ್ಲಿಯೇ ಅದನ್ನು ತಗ್ಗಿಸಬೇಕೆಂಬುದು ನನ್ನ ಅನುಭವ. ಹುಡುಕುವಾಗ ಖರ್ಚಿಲ್ಲದ ಕೆಲಸಗಳನ್ನು ಮೊದಲು ಮುಗಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಮೊದಲು ಮಂಡಿಯೂರಿ ಕೇಳಿ

ಯಾವ ತಿರುಪನ್ನೂ ಮುಟ್ಟುವ ಮೊದಲು ನೀವು ಎಲ್ಲಿ ನಿಂತು ಕೇಳುತ್ತಿದ್ದೀರಿ ಎಂಬುದನ್ನು ನೋಡಿಕೊಳ್ಳಿ. ಆಂಪ್ ನೆಲದ ಮೇಲಿರುತ್ತದೆ, ನೀವು ಅದರ ಮುಂದೆ ಮೂರಡಿ ದೂರದಲ್ಲಿ ನಿಂತಿರುತ್ತೀರಿ, ಸ್ಪೀಕರ್ ನೋಡುತ್ತಿರುವುದು ನಿಮ್ಮ ಮೊಣಕಾಲನ್ನು. 4 ಕಿಲೋಹರ್ಟ್ಸ್‌ನ ಧ್ವನಿಯ ತರಂಗಾಂತರ ಸುಮಾರು ಎಂಟೂವರೆ ಸೆಂಟಿಮೀಟರ್. ಹನ್ನೆರಡು ಇಂಚಿನ ಸ್ಪೀಕರಿನ ಅಗಲ ಅದಕ್ಕಿಂತ ಬಹಳ ಹೆಚ್ಚಾದ್ದರಿಂದ ಇಂಥ ತಾರ ಸ್ವರಗಳು ಸುತ್ತಲೂ ಹರಡದೆ ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಹೋಗುತ್ತವೆ. ನಿಮ್ಮ ಕಿವಿ ಆ ಬೆಳಕಿನ ದಾರಿಯಿಂದ ಮೇಲಿರುತ್ತದೆ. ನಾದ ಮಂಕಾಗಿದೆಯೆಂದು ನೀವು ಟ್ರೆಬಲ್ ಏರಿಸುತ್ತೀರಿ, ಅದರ ಪೆಟ್ಟು ಬೀಳುವುದು ಮುಂದಿನ ಸಾಲಿನಲ್ಲಿ ಕುಳಿತವರಿಗೆ.

ಆದ್ದರಿಂದ ಗೆಳೆಯರೊಬ್ಬರ ಕೈಗೆ ಗಿಟಾರ್ ಕೊಟ್ಟು, ಸ್ಪೀಕರಿನ ಎದುರು ನಾಲ್ಕೈದು ಅಡಿ ದೂರದಲ್ಲಿ ಮಂಡಿಯೂರಿ ಕುಳಿತು ಒಮ್ಮೆ ಕೇಳಿರಿ. ಬಹುಪಾಲು ಜನ ಎರಡು ನಿಮಿಷದಲ್ಲಿ ಎದ್ದು ಬಂದು ತಾವಾಗಿಯೇ ಟ್ರೆಬಲ್ ಇಳಿಸುವುದನ್ನು ಕಂಡಿದ್ದೇನೆ. ಮುಂದೆ ಆಂಪನ್ನು ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ಓರೆಯಾಗಿಸಿ ಸ್ಪೀಕರ್ ನಿಮ್ಮ ಮುಖವನ್ನೇ ನೋಡುವಂತೆ ಮಾಡಿ. ಆಗ ಸಭಿಕರಿಗೆ ಕೇಳುವುದೇ ನಿಮಗೂ ಕೇಳುತ್ತದೆ.

ಮನೆಯಲ್ಲಿ ಚೆನ್ನಾಗಿದ್ದದ್ದು ವೇದಿಕೆಯಲ್ಲಿ ಕೆಡಲು ಇನ್ನೊಂದು ಕಾರಣವಿದೆ. ಧ್ವನಿ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರವೂ ಅತಿ ತಾರವೂ ನಡುವಿನ ಸ್ವರಗಳಷ್ಟು ಚೆನ್ನಾಗಿ ಕೇಳಿಸುವುದಿಲ್ಲ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದರು. ರಾತ್ರಿ ಹತ್ತರ ಮೇಲೆ, ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಮೆಲ್ಲಗೆ ನುಡಿಸುತ್ತಾ ಬಾಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸಿ ಹೊಂದಿಸಿಕೊಂಡ ನಾದವನ್ನು ಪೆಂಡಾಲಿನ ಅಬ್ಬರದಲ್ಲಿ ಹಾಗೆಯೇ ಬಿಟ್ಟರೆ, ಏರಿಸಿಕೊಂಡದ್ದೆಲ್ಲ ಅತಿಯಾಗಿ ಕೇಳುತ್ತದೆ. ಹೊಂದಾಣಿಕೆಯನ್ನು ಒಮ್ಮೆಯಾದರೂ ವೇದಿಕೆಯಷ್ಟೇ ಜೋರಿನಲ್ಲಿ ಮಾಡಿಕೊಳ್ಳಬೇಕು.

ಗಿಟಾರಿನ ಮೇಲೆಯೇ ಇರುವ ಔಷಧ

ನಮ್ಮಲ್ಲಿ ಅತಿ ಕಡಿಮೆ ಬಳಕೆಯಾಗುವ ಸಾಧನವೆಂದರೆ ಗಿಟಾರಿನ ಟೋನ್ ತಿರುಪು. ಸೊನ್ನೆಗೆ ತಿರುಗಿಸಿದರೆ ನಾದ ಉಸಿರುಕಟ್ಟುವುದರಿಂದ, ಒಮ್ಮೆ ಹಾಗೆ ಮಾಡಿ ಹೆದರಿದವರು ಅದನ್ನು ಜೀವನಪೂರ್ತಿ 10ರಲ್ಲಿಯೇ ಬಿಟ್ಟಿರುತ್ತಾರೆ. ಅದು ಏನು ಮಾಡುತ್ತದೆ ಎಂದು ತಿಳಿದರೆ ಈ ಹೆದರಿಕೆ ಹೋಗುತ್ತದೆ.

ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರ ಇಂಡಕ್ಟೆನ್ಸ್ ಮತ್ತು ಕೇಬಲಿನ ಕೆಪಾಸಿಟೆನ್ಸ್ ಎಂಬ ವಿದ್ಯುತ್ ಗುಣಗಳು ಸೇರಿ ಯಾವುದೋ ಒಂದು ಆವರ್ತನದಲ್ಲಿ ಅನುರಣಿಸುತ್ತವೆ, ಆ ಜಾಗದಲ್ಲಿ ನಾದವು ಗುಡ್ಡದಂತೆ ಮೇಲೇಳುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರಿನ ಮಾದರಿಯ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್‌ನ ಇಂಡಕ್ಟೆನ್ಸ್ ಸುಮಾರು ಎರಡೂವರೆ ಹೆನ್ರಿಯಷ್ಟಿದೆ ಎಂದುಕೊಳ್ಳಿ. ಸಾಮಾನ್ಯ ಕೇಬಲಿಗೆ ಮೀಟರಿಗೆ ಹೆಚ್ಚುಕಡಿಮೆ 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 3 ಮೀಟರ್ ಕೇಬಲಿನ 300ಕ್ಕೆ ಸುರುಳಿಯದೇ 100 ಸೇರಿಸಿ ಲೆಕ್ಕ ಹಾಕಿದರೆ ಗುಡ್ಡದ ತುದಿ 5 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ, 6 ಮೀಟರ್ ಕೇಬಲ್ ಹಾಕಿದರೆ 3.8ಕ್ಕೆ ಇಳಿಯುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ ಸರಿಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವೆಯೇ. ಚುಚ್ಚುವುದು ಈ ಗುಡ್ಡವೇ. ಟೋನ್ ತಿರುಪನ್ನು 10ರಿಂದ 7ಕ್ಕೆ ತಂದಾಗ ಮೊದಲು ಸವೆಯುವುದೂ ಇದೇ, ಉಳಿದ ನಾದ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ತೀರಾ ಕೆಳಗೆ ಹೋದಾಗ ಮಾತ್ರ ಮಂಕು ಕವಿಯುತ್ತದೆ. ಕೆಲವು ತಿರುಪುಗಳಲ್ಲಿ ಬದಲಾವಣೆಯೆಲ್ಲ ಮೇಲಿನ ಅಂಕಿಗಳಲ್ಲಿ, ಇನ್ನು ಕೆಲವುಗಳಲ್ಲಿ 3ರ ಕೆಳಗೆ ಗುಂಪಾಗಿರುತ್ತದೆ. ಆದ್ದರಿಂದ ಅಂಕಿಯನ್ನು ನಂಬದೆ, ಒಂದೇ ಸ್ವರವನ್ನು ಮೀಟುತ್ತಾ ನಿಧಾನವಾಗಿ ತಿರುಗಿಸಿ, ಮುಳ್ಳು ಹೋಗಿ ನಾದ ಉಳಿದ ಜಾಗದಲ್ಲಿ ನಿಲ್ಲಿಸಿ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಕೇಬಲ್ ಬಿಟ್ಟು ವೈರ್‌ಲೆಸ್ ಹಾಕಿಕೊಂಡ ದಿನದಿಂದ ಗಿಟಾರ್ ಕರ್ಕಶವಾಯಿತು ಎನ್ನುವವರ ಮಾತು ಸುಳ್ಳಲ್ಲ, ಕೇಬಲಿನ ಕೆಪಾಸಿಟೆನ್ಸ್ ಹೋದ ಮೇಲೆ ಗುಡ್ಡ ಇನ್ನೂ ಮೇಲಕ್ಕೆ ಸರಿದಿರುತ್ತದೆ. ಅದಕ್ಕಾಗಿಯೇ ಕೆಲವು ವೈರ್‌ಲೆಸ್ ಯಂತ್ರಗಳಲ್ಲಿ ಕೇಬಲನ್ನು ಅನುಕರಿಸುವ ಸ್ವಿಚ್ ಇರುತ್ತದೆ, ಅದನ್ನು ಹಾಕಿಕೊಳ್ಳಿ.

ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೂ ಮೀಟಿನ ಏಟು ಗಡುಸಾಗುತ್ತದೆ. ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು ಅಳೆದಾಗ ದಪ್ಪ ತಂತಿಯ ಕಡೆ 2 ಮಿಲಿಮೀಟರ್, ತೆಳು ತಂತಿಯ ಕಡೆ 1.6 ಮಿಲಿಮೀಟರ್ ಅಂತರ ಎಂಬುದು ಸಾಮಾನ್ಯ ಸ್ಟ್ರಾಟೋಕಾಸ್ಟರ್ ಪಿಕಪ್‌ಗಳಿಗೆ ಫೆಂಡರ್ ಕಂಪನಿ ಕೊಡುವ ಅಳತೆ. ಅಲ್ಲಿಂದ ಶುರುಮಾಡಿ ತೆಳು ತಂತಿಯ ಕಡೆಯ ಸ್ಕ್ರೂವನ್ನು ಅರ್ಧರ್ಧ ಸುತ್ತು ಇಳಿಸುತ್ತಾ ಹೋಗಿ.

ಕೈ ಮತ್ತು ತಂತಿಯ ವಿಷಯ ಚಿಕ್ಕದು. ತಂತಿಗಳು ಗಿಟಾರಿನ ಒಡಲಿನ ಮೇಲೆ ಕೂರುವ ಬ್ರಿಜ್‌ನಿಂದ ಎರಡು ಇಂಚು ಕುತ್ತಿಗೆಯ ಕಡೆಗೆ ಸರಿದು ಮೀಟಿ. ಚೂಪು ಪಿಕ್ ಬದಲು ದಪ್ಪನೆಯ, ಅಂಚು ದುಂಡಗಿರುವ ಪಿಕ್ ಹಿಡಿಯಿರಿ. ಸ್ಟೇನ್‌ಲೆಸ್ ಸ್ಟೀಲ್ ತಂತಿಯಿದ್ದರೆ ನಿಕಲ್ ತಂತಿಗೆ ಬನ್ನಿ. ಹೊಸ ತಂತಿಯ ಹೊಳಪು ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ತುಕ್ಕು ಹಿಡಿದು ಬೇಕಾದ್ದಕ್ಕಿಂತ ಬೇಗನೆ ಇಳಿಯುತ್ತದೆ.

ತಟ್ಟೆ ಬಿಚ್ಚಿ ನೋಡಿದಾಗ

ಬೆಸುಗೆ ಕಡ್ಡಿ ಹಿಡಿಯಲು ಬರುವವರು ಗಿಟಾರಿನ ಮುಂಭಾಗದ ತಟ್ಟೆ ಬಿಚ್ಚಿ ಒಳಗೆ ನೋಡಬೇಕಾದ ಮೂರು ಜಾಗಗಳಿವೆ. ಬಾರದವರು ರೇಡಿಯೊ ರಿಪೇರಿ ಮಾಡುವವರ ಬಳಿಗೆ ಈ ಪುಟವನ್ನೇ ಒಯ್ಯಬಹುದು, ಕೆಲಸ ಹತ್ತು ನಿಮಿಷದ್ದು.

ಒಂದು, ವಾಲ್ಯೂಮ್ ತಿರುಪಿನ ರೋಧದ ಅಳತೆ. ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ ರೂಢಿಯಾಗಿ 250 ಕಿಲೋಓಮ್, ಜೋಡಿ ಸುರುಳಿಯ ಹಂಬಕರ್ ಪಿಕಪ್‌ಗಳಿಗೆ 500 ಕಿಲೋಓಮ್ ಹಾಕುತ್ತಾರೆ. ರೋಧ ಹೆಚ್ಚಿದಷ್ಟೂ ಆ ಗುಡ್ಡ ಎತ್ತರವಾಗಿ ಉಳಿಯುತ್ತದೆ. ಸಿಂಗಲ್ ಕಾಯಿಲ್ ಇದ್ದೂ ತಿರುಪಿನ ಬೆನ್ನಿನ ಮೇಲೆ 500 ಎಂದು ಬರೆದಿದ್ದರೆ ಹೊಸ ತಿರುಪನ್ನು ತರಿಸುವ ಅಗತ್ಯವಿಲ್ಲ. ಅದರ ಎರಡು ಹೊರಗಿನ ಕಾಲುಗಳಿಗೆ ಅಡ್ಡಲಾಗಿ 470 ಕಿಲೋಓಮ್‌ನ ಒಂದು ರೆಸಿಸ್ಟರ್ ಬೆಸೆದರೆ ಎರಡೂ ಸೇರಿ 242 ಕಿಲೋಓಮ್‌ನಂತೆ ವರ್ತಿಸುತ್ತವೆ. ಒಂದೆರಡು ರೂಪಾಯಿಯ ಸಾಮಾನು.

ಎರಡು, ಬ್ರಿಜ್ ಪಿಕಪ್. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರಿನ ಮೂಲ ವೈರಿಂಗ್‌ನಲ್ಲಿ ಇರುವ ಎರಡು ಟೋನ್ ತಿರುಪುಗಳು ಕುತ್ತಿಗೆಯ ಮತ್ತು ನಡುವಿನ ಪಿಕಪ್‌ಗಳಿಗೆ ಸೇರಿದವು. ಎಲ್ಲಕ್ಕಿಂತ ಹರಿತವಾದ ಬ್ರಿಜ್ ಪಿಕಪ್‌ಗೆ ಟೋನ್ ತಿರುಪೇ ಇರಲಿಲ್ಲ. ಆ ಮಾದರಿಯನ್ನೇ ಅನುಸರಿಸಿದ ಗಿಟಾರ್‌ಗಳು ಇಂದಿಗೂ ಸಿಗುತ್ತವೆ. ಪಿಕಪ್ ಆಯ್ದುಕೊಳ್ಳುವ ಸ್ವಿಚ್‌ನಲ್ಲಿ ಟೋನ್ ತಿರುಪುಗಳಿಗೆ ಹೋಗುವ ಸಾಲನ್ನು ಗುರುತಿಸಿ. ಅದರಲ್ಲಿ ಬ್ರಿಜ್‌ನ ಜಾಗ ಖಾಲಿಯಿದ್ದರೆ ಅದನ್ನು ಪಕ್ಕದ, ಅಂದರೆ ನಡುವಿನ ಪಿಕಪ್‌ನ ಜಾಗಕ್ಕೆ ಒಂದು ತುಂಡು ವೈರಿನಿಂದ ಸೇರಿಸಿದರೆ ಕೆಳಗಿನ ಟೋನ್ ತಿರುಪು ಎರಡಕ್ಕೂ ಕೆಲಸ ಮಾಡುತ್ತದೆ.

ಮೂರನೆಯದು ನಾನು ಹಣ ಕಳೆದುಕೊಂಡು ಕಲಿತದ್ದು. ಹಳೆಯ ಗಿಟಾರೊಂದನ್ನು ಕೊಂಡಿದ್ದೆ. ವಾಲ್ಯೂಮ್ 10ರಲ್ಲಿ ನಾದ ಸರಿಯಾಗಿಯೇ ಇರುತ್ತಿತ್ತು, ಹಾಡುವವರಿಗೆ ಜಾಗ ಬಿಡಲೆಂದು 6ಕ್ಕೆ ಇಳಿಸಿದರೆ ಗಾಜು ಗೀರಿದಂತೆ ತೆಳ್ಳಗೆ, ಹರಿತವಾಗುತ್ತಿತ್ತು. ಪಿಕಪ್‌ನದೇ ತಪ್ಪೆಂದು ಹೊಸ ಪಿಕಪ್‌ಗಳನ್ನು ತರಿಸಿ ಹಾಕಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಕಿಟಕಿಯ ಬೆಳಕಿನಲ್ಲಿ ತಟ್ಟೆಯನ್ನು ಬೋರಲು ಹಾಕಿ ನೋಡಿದಾಗ ವಾಲ್ಯೂಮ್ ತಿರುಪಿನ ಎರಡು ಕಾಲುಗಳ ನಡುವೆ ತೊಗರಿಬೇಳೆಯಷ್ಟು ದೊಡ್ಡ ಕೆಪಾಸಿಟರ್ ಒಂದು ಕಂಡಿತು. ಧ್ವನಿ ಇಳಿಸಿದಾಗ ಟ್ರೆಬಲ್ ಕಳೆದುಹೋಗದಿರಲೆಂದು ಹಿಂದಿನ ಒಡೆಯರು ಹಾಕಿಸಿದ್ದ ಟ್ರೆಬಲ್ ಬ್ಲೀಡ್ ಅದು. ಅದರ ಒಂದು ಕಾಲನ್ನು ಕತ್ತರಿಸಿ ಎತ್ತಿಟ್ಟೆ, ಅಷ್ಟೇ. ಹಳೆಯ ಪಿಕಪ್‌ಗಳು ಇಂದಿಗೂ ಬಿಸ್ಕತ್ತಿನ ಡಬ್ಬಿಯಲ್ಲಿವೆ.

ಹಂಬಕರ್ ಹಾಕಿಸಿಬಿಡಿ ಎಂಬ ಸಲಹೆಯೂ ಸಿಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಜೋಡಿ ಸುರುಳಿಯ ಪಿಕಪ್ ನಿಜಕ್ಕೂ ಮೃದು. ಆದರೆ ಹಾಗೆ ಮಾಡಿದರೆ ನಿಮ್ಮ ಗಿಟಾರಿನ ಸ್ವಭಾವವೇ ಬೇರೆಯಾಗುತ್ತದೆ, ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ.

ಆಂಪ್‌ನಲ್ಲಿ

ಬ್ರೈಟ್ ಸ್ವಿಚ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಅನೇಕ ಆಂಪ್‌ಗಳಲ್ಲಿ ಅದು ವಾಲ್ಯೂಮ್ ತಿರುಪಿಗೆ ಅಡ್ಡ ಹಾಕಿದ ಕೆಪಾಸಿಟರ್ ಮಾತ್ರ. ವಾಲ್ಯೂಮ್ ಕಡಿಮೆಯಿದ್ದಾಗಲೇ ಅದರ ಕಾಟ ಹೆಚ್ಚು, ಪೂರ್ತಿ ಏರಿಸಿದಾಗ ಅದು ಇದ್ದೂ ಇಲ್ಲದಂತೆ. ಬಳಿಕ ತಾರ ಸ್ವರಗಳಿಗೆ ಹೊಳಪು ಕೊಡುವ ಪ್ರೆಸೆನ್ಸ್ ತಿರುಪನ್ನು ಸೊನ್ನೆಗೆ ತಂದು, ಟ್ರೆಬಲ್ ಇಳಿಸುವ ಮೊದಲು ಮಿಡ್, ಅಂದರೆ ನಡುವಿನ ಸ್ವರಗಳ ತಿರುಪನ್ನು ಏರಿಸಿ ನೋಡಿ. ಎಲ್ಲ ತಿರುಪುಗಳನ್ನೂ 5ಕ್ಕೆ ಇಟ್ಟರೆ ಸಮತಟ್ಟಾಯಿತು ಎಂಬ ನಂಬಿಕೆ ತಪ್ಪು. ಫೆಂಡರ್ ಮಾದರಿಯ ಆಂಪ್‌ಗಳಲ್ಲಿ ಆಗಲೂ ನಡುವಿನ ಸ್ವರಗಳು ತಗ್ಗಿಯೇ ಇರುತ್ತವೆ, ನಡು ತಗ್ಗಿದ್ದರಿಂದಲೇ ತುದಿ ಚೂಪಾಗಿ ಕೇಳುತ್ತದೆ. ವಾಕ್ಸ್ ಎಸಿ30 ಮಾದರಿಯ ಆಂಪ್ ಇದ್ದವರು ಗಮನಿಸಬೇಕಾದ ಒಂದು ತಮಾಷೆ: ಅದರಲ್ಲಿರುವ ಕಟ್ ಎಂಬ ತಿರುಪು ಏರಿಸಿದಷ್ಟೂ ಟ್ರೆಬಲ್ ಕಡಿಮೆ ಮಾಡುತ್ತದೆ.

ನೇರವಾಗಿ ಮೈಕ್‌ಸೆಟ್‌ಗೆ ಕೊಡುವವರಿಗೆ

ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಆಂಪ್ ಇರುವುದೇ ಅಪರೂಪ. ಗಿಟಾರಿನಿಂದ ನಾದವನ್ನು ಬದಲಿಸುವ ಪ್ರೊಸೆಸರ್ ಪೆಟ್ಟಿಗೆ, ಅಲ್ಲಿಂದ ನೇರ ಮಿಕ್ಸರ್. ಗಿಟಾರ್ ಆಂಪಿನ ಹನ್ನೆರಡು ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿದುಬಿಡುತ್ತದೆ. ಡಿಸ್ಟಾರ್ಷನ್‌ನಿಂದ ಹುಟ್ಟುವ ಕಸವೆಲ್ಲ ಅಲ್ಲಿಯೇ ಸೋಸಿಹೋಗುತ್ತದೆ. ಮೈಕ್‌ಸೆಟ್‌ನ ಬಾಕ್ಸುಗಳಲ್ಲಿರುವ ಟ್ವೀಟರ್‌ಗಳಿಗೆ ಆ ಸೋಸುವ ಗುಣವಿಲ್ಲ, ಅವು ಅದನ್ನೆಲ್ಲ ನಿಷ್ಠೆಯಿಂದ ಜನರ ಕಿವಿಗೆ ತಲುಪಿಸುತ್ತವೆ. ಕಣಜದ ಗೂಡಿಗೆ ಕಲ್ಲು ಹೊಡೆದಂಥ ಆ ಸದ್ದು ಹುಟ್ಟುವುದು ಹೀಗೆ.

ಪ್ರೊಸೆಸರಿನಲ್ಲಿ ಕ್ಯಾಬ್ ಎಂಬ ಆಯ್ಕೆ ಇರುತ್ತದೆ, ಅದು ಗಿಟಾರ್ ಸ್ಪೀಕರನ್ನು ಅನುಕರಿಸುತ್ತದೆ. ಮಿಕ್ಸರಿಗೆ ಕೊಡುವಾಗ ಅದು ಹಾಕಿರಲೇಬೇಕು, ಗಿಟಾರ್ ಆಂಪ್‌ಗೆ ಕೊಡುವಾಗ ತೆಗೆದಿರಬೇಕು. ಅದರ ಜೊತೆಗೆ ತಾರ ಸ್ವರಗಳನ್ನು ಕತ್ತರಿಸುವ ಹೈ ಕಟ್ ಇದ್ದರೆ 8 ಕಿಲೋಹರ್ಟ್ಸ್‌ನಿಂದ ಶುರುಮಾಡಿ 5ರ ಕಡೆಗೆ ತನ್ನಿ. ಇಷ್ಟಾದರೂ ಚುಚ್ಚುತ್ತಿದ್ದರೆ ಮೈಕ್‌ಸೆಟ್‌ನವರಿಗೆ "ಟ್ರೆಬಲ್ ಇಳಿಸಿ" ಎಂದಷ್ಟೇ ಹೇಳಬೇಡಿ. ಮಿಕ್ಸರಿನ ಹೈ ತಿರುಪು ಸಾಮಾನ್ಯವಾಗಿ ಕೆಲಸ ಮಾಡುವುದು 10 ಅಥವಾ 12 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಅವರು ಪಾಪ ಪೂರ್ತಿ ಇಳಿಸಿದರೂ 3 ಕಿಲೋಹರ್ಟ್ಸ್‌ನ ಮುಳ್ಳಿಗೆ ಅದು ಅಷ್ಟಾಗಿ ತಾಗುವುದಿಲ್ಲ. ಮಿಡ್‌ನ ಆವರ್ತನವನ್ನು ಬದಲಿಸುವ ತಿರುಪು ಇರುವ ಮಿಕ್ಸರ್ ಆದರೆ ಅದನ್ನು 3ರ ಹತ್ತಿರ ಇರಿಸಿ, ಮೂರು ನಾಲ್ಕು ಡೆಸಿಬೆಲ್ ತಗ್ಗಿಸಿ ಎಂದು ಕೇಳಿ. ಆಂಪಿನ ಮುಂದೆ ಮೈಕ್ ಇಟ್ಟಿದ್ದರೆ ಇಷ್ಟೂ ಬೇಡ, ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಎರಡು ಬೆರಳಿನಷ್ಟು ಸರಿಸಿದರೆ ಸಾಕಾಗಬಹುದು.

ಕೊನೆಯ ಪರೀಕ್ಷೆಯನ್ನು ಗಿಟಾರ್ ಒಂದೇ ಇದ್ದಾಗ ಮಾಡಬಾರದು, ಡ್ರಮ್ಸ್ ಮತ್ತು ಬಾಸ್ ಜೊತೆಗೇ ಮಾಡಬೇಕು. ಒಂಟಿಯಾಗಿ ತುಸು ಹರಿತ ಎನ್ನಿಸಿದ್ದು ಮೇಳದೊಳಗೆ ಸರಿಯಾಗಿ ಕೂರುವುದೇ ಹೆಚ್ಚು. ಪೆಂಡಾಲಿನ ಮಧ್ಯದಲ್ಲಿ ಒಬ್ಬರನ್ನು ನಿಲ್ಲಿಸಿ ಅವರ ಮಾತನ್ನು ನಂಬಿ. ಕುವೆಂಪು ಕಲಾಮಂದಿರದಂಥ ಮುಚ್ಚಿದ ಸಭಾಂಗಣದಲ್ಲಿ ಮಧ್ಯಾಹ್ನ ಖಾಲಿ ಕುರ್ಚಿಗಳ ಮುಂದೆ ಸೌಂಡ್ ಚೆಕ್ ಮಾಡುವುದಾದರೆ ಟ್ರೆಬಲನ್ನು ಪೂರ್ತಿ ಸಮಾಧಾನವಾಗುವವರೆಗೆ ಇಳಿಸಬೇಡಿ, ಒಂದು ಗೆರೆ ಹೆಚ್ಚೇ ಬಿಡಿ. ಜನರ ಮೈಯೂ ಬಟ್ಟೆಯೂ ತಾರ ಸ್ವರಗಳನ್ನು ಹೀರಿಕೊಳ್ಳುತ್ತವೆ. ಸಂಜೆ ಸಭೆ ತುಂಬಿದ ಮೇಲೆ, ಅದರಲ್ಲಿಯೂ ಹೊರಗೆ ಚಳಿಯಿದ್ದು ಎಲ್ಲರೂ ಸ್ವೆಟರ್ ಹಾಕಿಕೊಂಡು ಬಂದು ಕುಳಿತ ಮೇಲೆ, ಆ ಒಂದು ಗೆರೆ ತಾನಾಗಿಯೇ ಇಳಿದಿರುತ್ತದೆ.