ಮಾವಿನ ಜಿಗಿಹುಳಕ್ಕೆ ಬ್ಯುವೇರಿಯಾ: ಹೂ ಬರುವ ಮೊದಲೇ ಶುರು ಮಾಡಿ

ನಮ್ಮದು ಹುಮನಾಬಾದ್ ಕಡೆ ಕೆಂಪು ಮಣ್ಣಿನ ಮಾವಿನ ತೋಟ. ಇಲ್ಲಿ ಜಾಸ್ತಿ ಜನಕ್ಕೆ ಜಿಗಿಹುಳ ನೆನಪಾಗುವುದು ಎಲೆ ಮೇಲೆ ಅಂಟು ಸುರಿದು, ಕಪ್ಪು ಬೂಷ್ಟು ಕಟ್ಟಿ, ಹೂ ಉದುರುವಾಗ. ಅಷ್ಟೊತ್ತಿಗೆ ತಡವಾಗಿರುತ್ತದೆ. ಹೂ ಇಲ್ಲದ ತಿಂಗಳುಗಳಲ್ಲೂ ಈ ಹುಳ ಮರದಲ್ಲೇ ಇರುತ್ತದೆ, ತೊಗಟೆಯ ಬಿರುಕಿನಲ್ಲಿ ಅಡಗಿಕೊಂಡು. ಅದಕ್ಕೇ ನಾನು ಮಳೆಗಾಲ ಮುಗಿಯುವ ಹೊತ್ತಿಗೆ, ಗಾಳಿಯಲ್ಲಿ ಇನ್ನೂ ತೇವ ಇರುವಾಗಲೇ, ಕಾಂಡ ಮತ್ತು ದಪ್ಪ ಕೊಂಬೆಗಳಿಗೆ ಬ್ಯುವೇರಿಯಾ ಬ್ಯಾಸಿಯಾನಾ ಹೊಡೆಸುತ್ತೇನೆ.

ಇದು ಜೀವ ಇರುವ ಶಿಲೀಂಧ್ರ. ಇದರ ಬೀಜಕಣ ಹುಳದ ಮೈಗೆ ಅಂಟಿ, ಮೊಳೆತು, ಚರ್ಮ ಕೊರೆದು ಒಳಗೆ ಬೆಳೆಯುತ್ತದೆ. ಹುಳ ಸಾಯಲು ಸುಮಾರು 3ರಿಂದ 7 ದಿನ ಬೇಕು. ಔಷಧ ಹೊಡೆಯಲು ಬರುವ ಹುಡುಗರು ಮರುದಿನವೇ "ಅಕ್ಕಾ, ಹುಳ ಸತ್ತೇ ಇಲ್ಲಲ್ರೀ" ಅಂತಾರೆ. ಕಾಯಿರಿ.

ಪೊಟ್ಟಣ ಕೊಳ್ಳುವಾಗ ತಯಾರಾದ ತಾರೀಖು ನೋಡಿ, ಹಳೆಯದು ಬೇಡ. ಬಿಸಿಲಲ್ಲಿ ಇಟ್ಟಿದ್ದಂತೂ ಬೇಡವೇ ಬೇಡ. ಲೀಟರ್ ನೀರಿಗೆ 5 ಗ್ರಾಂ ಪುಡಿ, ಅಂದರೆ 100 ಲೀಟರಿಗೆ ಅರ್ಧ ಕೆಜಿ. ಮೊದಲು ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ. ಪುಡಿ ಸುಣ್ಣದ ಹಾಗೆ ತಳಕ್ಕೆ ಕೂರುತ್ತದೆ, ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಆಮೇಲೆ ಅಂಟುದ್ರಾವಣ ಸೇರಿಸಿ. ಹೊಡೆಯುವುದು ಸಂಜೆಯೇ. ನಮ್ಮ ಬಿಸಿಲಿಗೆ ಬೀಜಕಣ ಉಳಿಯುವುದಿಲ್ಲ. ಸಂಜೆ ಜೇನುಹುಳಗಳ ಓಡಾಟವೂ ಕಡಿಮೆ. ಬಿರುಕಿನೊಳಗೆ ನೀರು ಇಳಿಯುವ ಹಾಗೆ ತೊಗಟೆ ಪೂರ್ತಿ ನೆನೆಯಬೇಕು. ಸುಮ್ನೆ ಮೇಲೆ ಮೇಲೆ ಬೀಸಿದರೆ ದುಡ್ಡು ದಂಡ.

ಹೂಗೊಂಚಲು ಹೊರಟ ಮೇಲೆ ವಾರದ ಅಂತರದಲ್ಲಿ ಎರಡು ಸಲ ಹೂವಿಗೂ ಹೊಡೆಯಬೇಕು. ಇಲ್ಲೇ ಒಂದು ತೊಡಕು. ಅದೇ ಸಮಯಕ್ಕೆ ಬೂದಿ ರೋಗ ಬರುತ್ತದೆ, ನಾವು ಗಂಧಕ ಹೊಡೆಯುತ್ತೇವೆ. ಬೂದಿಗೆ ಹೊಡೆಯುವ ಔಷಧ ಬ್ಯುವೇರಿಯಾವನ್ನೂ ಕೊಲ್ಲುತ್ತದೆ, ಬೂದಿ ರೋಗವೂ ಇದೂ ಎರಡೂ ಶಿಲೀಂಧ್ರವೇ ಅಲ್ವಾ? ಒಂದೇ ಟ್ಯಾಂಕಿಗೆ ಎಂದೂ ಬೆರೆಸಬೇಡಿ. ನಡುವೆ 8–10 ದಿನ ಬಿಡಿ, ಪಂಪು ಚೆನ್ನಾಗಿ ತೊಳೆಯಿರಿ. ಆಗುವುದಾದರೆ ಬೇರೆ ಪಂಪೇ ಇಟ್ಟುಕೊಳ್ಳುವುದು ಒಳ್ಳೆಯದು.

ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ದಯವಿಟ್ಟು ಬ್ಯುವೇರಿಯಾ ಮುಟ್ಟಬೇಡಿ. ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ತರುವುದು ಇದೇ ಶಿಲೀಂಧ್ರ. 1835ರಲ್ಲಿ ಇಟಲಿಯ ವಿಜ್ಞಾನಿ ಅಗಸ್ಟಿನೊ ಬಾಸಿ ಇದನ್ನು ತೋರಿಸಿಕೊಟ್ಟದ್ದೇ ಸತ್ತ ರೇಷ್ಮೆಹುಳುಗಳಲ್ಲಿ. ಪಕ್ಕದವರ ರೇಷ್ಮೆ ಬೆಳೆ ಒಂದೇ ಸಲಕ್ಕೆ ಹೋಗಬಹುದು.

ಕೆಲಸ ಮಾಡಿದೆಯೋ ಇಲ್ಲವೋ ನೋಡಲು ಸತ್ತ ಜಿಗಿಹುಳಗಳನ್ನು ಆರಿಸಿ, ಒದ್ದೆ ಹತ್ತಿ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ಕೆಲವು ದಿನಕ್ಕೆ ಕಾಲಿನ ಸಂದುಗಳಿಂದ ಬಿಳಿ ನವಿರು ಎದ್ದರೆ ಕೊಂದದ್ದು ಬ್ಯುವೇರಿಯಾನೇ. ಒಂದರಲ್ಲೂ ಏಳದಿದ್ದರೆ ಪೊಟ್ಟಣದ ಮೇಲೆ ಅನುಮಾನ ಪಡಿ, ಮುಂದಿನ ಸಲ ಬೇರೆ ಕಡೆಯಿಂದ ತನ್ನಿ.