‘ಶುಡ್’ ಆದಮೇಲೆ ‘ಟರ್ನ್ ಆಫ್’: ಜೋಡಿ ಪದ ಬಳಸುವುದು ಹೇಗೆ?

ಇಂಗ್ಲಿಷ್‌ನಲ್ಲಿ ‘ಗಿವ್’ ಅಂದರೆ ಕೊಡು. ಪಕ್ಕದಲ್ಲಿ ‘ಅಪ್’ ಬಂದು ಕೂತರೆ ಕೈಬಿಡು ಎಂದಾಗುತ್ತದೆ. ಇಂಥ ಜೋಡಿಯೇ ಫ್ರೇಸಲ್ ವರ್ಬ್. ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶ್ಯಾಲ್, ಶುಡ್, ವಿಲ್, ವುಡ್ – ಕ್ರಿಯಾಪದಕ್ಕೆ ‘ಬಹುದು’, ‘ಬೇಕು’ಗಳಂಥ ಅರ್ಥ ಸೇರಿಸುವ ಈ 9 ಮುಖ್ಯ ಮೋಡಲ್ ವರ್ಬ್‌ಗಳು. ಎರಡೂ ಒಂದೇ ವಾಕ್ಯದಲ್ಲಿ ಸೇರಿದಾಗ ತಡವರಿಸುವವರು ಜಾಸ್ತಿ.

ಮೊದಲು ಕ್ರಿಯಾಪದವನ್ನು ಮೂಲರೂಪಕ್ಕೆ ತನ್ನಿ. ‘ಹಿ ಗಿವ್ಸ್ ಅಪ್’ ಸರಿ. ‘ಮೇ’ ಬಂದ ಕೂಡಲೇ ‘ಹಿ ಮೇ ಗಿವ್ ಅಪ್’ ಆಗಬೇಕು, ‘ಗಿವ್ಸ್’ ಅಲ್ಲ. ನಡುವೆ ‘ಟು’ ಕೂಡ ಬೇಡ. ‘ಯೂ ಮಸ್ಟ್ ಟು ಗೆಟ್ ಅಪ್’ ತಪ್ಪು. ‘ಹ್ಯಾವ್ ಟು’, ‘ಆಟ್ ಟು’ಗಳಲ್ಲಿ ಮಾತ್ರ ಆ ‘ಟು’ ಅವುಗಳದ್ದೇ ಸ್ವತ್ತು, ತೆಗೆಯುವ ಹಾಗಿಲ್ಲ.

‘ನಾಟ್’ ಬೇಕಿದ್ದರೆ ಮೋಡಲ್‌ನ ಬೆನ್ನಿಗೇ ಇಡಿ: ‘ಯೂ ಶುಡ್ ನಾಟ್ ಗಿವ್ ಅಪ್’. ಪ್ರಶ್ನೆಯಾದರೆ ಮೋಡಲ್ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ನಿಜವಾದ ತೊಡಕು ಇರುವುದು ಕರ್ಮಪದದಲ್ಲಿ. ‘ಯೂ ಶುಡ್ ಟರ್ನ್ ಆಫ್ ದ ಲೈಟ್’ ಅನ್ನಬಹುದು, ‘ಟರ್ನ್ ದ ಲೈಟ್ ಆಫ್’ ಅಂತಲೂ ಅನ್ನಬಹುದು. ಆದರೆ ‘ಲೈಟ್’ ಜಾಗಕ್ಕೆ ‘ಇಟ್’ ಬಂತೋ, ಆಯ್ಕೆ ಮುಗಿಯಿತು. ‘ಟರ್ನ್ ಇಟ್ ಆಫ್’ ಒಂದೇ ಸರಿ. ಕರ್ಮಪದ ಉದ್ದವಾಗಿದ್ದರೆ ಅದನ್ನು ನಡುವೆ ತುರುಕದೆ ಕೊನೆಗೆ ಹಾಕುವುದು ವಾಸಿ. ಇಲ್ಲದಿದ್ದರೆ ‘ಆಫ್’ ಬರುವಷ್ಟರಲ್ಲಿ ಕೇಳುವವರಿಗೆ ‘ಟರ್ನ್’ ಮರೆತಿರುತ್ತದೆ!

ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ‘ಐ ಕ್ಯಾನ್ ಲುಕ್ ಆಫ್ಟರ್ ಹರ್’ (ಅವಳನ್ನು ನೋಡಿಕೊಳ್ಳಬಲ್ಲೆ) ಸರಿ, ‘ಲುಕ್ ಹರ್ ಆಫ್ಟರ್’ ಎಂಬುದೇ ಇಲ್ಲ. ‘ಪುಟ್ ಅಪ್ ವಿತ್’ (ಸಹಿಸಿಕೊಳ್ಳು) ಕೂಡ ಒಡೆಯದ ಗುಂಪು: ‘ಐ ಕಾಂಟ್ ಪುಟ್ ಅಪ್ ವಿತ್ ಇಟ್’. ಯಾವುದು ಒಡೆಯುತ್ತದೆ, ಯಾವುದು ಇಲ್ಲ ಎಂದು ನೋಡಿದ ತಕ್ಷಣ ಹೇಳುವ ಸೂತ್ರವಿಲ್ಲ. ಸುಮ್ನೆ ಊಹಿಸುವ ಬದಲು ನಿಘಂಟು ತೆರೆಯಿರಿ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಕರ್ಮಪದ ಎಲ್ಲಿ ಕೂರುತ್ತದೆ ಎಂದು ತೋರಿಸಿರುತ್ತಾರೆ.

ಆಗಿಹೋದ ಕೆಲಸದ ಬಗ್ಗೆ ಹೇಳಬೇಕೇ? ‘ಯೂ ಶುಡ್ ಹ್ಯಾವ್ ಟರ್ನ್ಡ್ ಇಟ್ ಆಫ್’ ಎನ್ನಿ. ಆರಿಸಬೇಕಿತ್ತು, ಆದರೆ ಆರಿಸಲಿಲ್ಲ ಎಂಬ ಆಕ್ಷೇಪ ಇದರೊಳಗೇ ಇದೆ. ‘ದ ಮೀಟಿಂಗ್ ಮೇ ಬಿ ಪುಟ್ ಆಫ್’ ಅಂದರೆ ಸಭೆ ಮುಂದಕ್ಕೆ ಹೋಗಬಹುದು. ‘ಶಿ ಮೈಟ್ ಬಿ ಲುಕಿಂಗ್ ಫಾರ್ ಯೂ’ ಅಂದರೆ ಅವಳು ನಿಮ್ಮನ್ನು ಹುಡುಕುತ್ತಿರಬಹುದು. ‘ಟರ್ನ್ಡ್’, ‘ಲುಕಿಂಗ್’ ನೋಡಿ ಮೂಲರೂಪದ ನಿಯಮ ಮುರಿಯಿತು ಅನ್ನಿಸುತ್ತದೆ, ಅಲ್ವಾ? ಇಲ್ಲ. ಮೋಡಲ್‌ನ ಪಕ್ಕದಲ್ಲಿರುವ ‘ಹ್ಯಾವ್’, ‘ಬಿ’ ಮೂಲರೂಪದಲ್ಲೇ ಇವೆ. ಅಂದಹಾಗೆ, ಮಾತಿನ ವೇಗದಲ್ಲಿ ‘ಶುಡ್ ಹ್ಯಾವ್’ ಎಂಬುದು ‘ಶುಡವ್’ ಎಂದಷ್ಟೇ ಕೇಳಿಸುತ್ತದೆ. ಕಿವಿಗೆ ಅದನ್ನೂ ರೂಢಿ ಮಾಡಿಸಿ.

ಉತ್ತರ ಕೊಡುವಾಗ ಇಷ್ಟೆಲ್ಲ ಬೇಕಿಲ್ಲ. ‘ಕ್ಯಾನ್ ಯೂ ಪಿಕ್ ಮಿ ಅಪ್?’ ಎಂದು ಕೇಳಿದರೆ ‘ಯೆಸ್, ಐ ಕ್ಯಾನ್’ ಸಾಕು. ‘ಯೆಸ್, ಐ ಕ್ಯಾನ್ ಪಿಕ್’ ಎಂದು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡಿ.